ಅಳೆಯುವ ವಿದ್ಯೆ, ಓದುವ ವಿದ್ಯೆ: ವಿದೇಶಿ ವಿಶ್ವವಿದ್ಯಾಲಯಗಳ ಸಂವಹನ ಅಧ್ಯಯನ ಮತ್ತು ಕರ್ನಾಟಕದ ವಿದ್ಯಾರ್ಥಿ

ಪೀಠಿಕೆ

ಸಂವಹನ ಮತ್ತು ಮಾಧ್ಯಮ ಅಧ್ಯಯನಕ್ಕೆ ಹೊರದೇಶಕ್ಕೆ ಹೋಗಬೇಕೆಂದಿರುವ ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಶುಲ್ಕ, ವೀಸಾ ಮತ್ತು ವಿಶ್ವವಿದ್ಯಾಲಯದ ಶ್ರೇಯಾಂಕವನ್ನು. ಕಲಿಯುವ ವಿದ್ಯೆ ಎಲ್ಲಿ ಹೋದರೂ ಒಂದೇ ಎಂಬ ನಂಬಿಕೆ ಇದರ ಹಿಂದಿದೆ. ರಸಾಯನಶಾಸ್ತ್ರದಲ್ಲಿ ಈ ನಂಬಿಕೆಯಿಂದ ಹೆಚ್ಚು ನಷ್ಟವಿಲ್ಲ. ಸಂವಹನ ಅಧ್ಯಯನದಲ್ಲಿ ಅದು ದುಬಾರಿಯಾಗುತ್ತದೆ. ಒಂದೇ ಹೆಸರಿನ ಎರಡು ಸ್ನಾತಕೋತ್ತರ ಪದವಿಗಳ ಪೈಕಿ ಒಂದು ಸಮೀಕ್ಷೆ, ಪ್ರಯೋಗ, ಸಂಖ್ಯಾಶಾಸ್ತ್ರಗಳ ಮೇಲೆ ನಿಂತಿದ್ದರೆ, ಇನ್ನೊಂದು ವರ್ಗ, ಜನಾಂಗ, ಲಿಂಗ, ಅಧಿಕಾರಗಳ ವಿಮರ್ಶೆಯ ಮೇಲೆ ನಿಂತಿರಬಹುದು.

ಈ ವ್ಯತ್ಯಾಸ ಆಕಸ್ಮಿಕವಲ್ಲ. ಈ ವಿಷಯದ ಒಂದೊಂದು ಪರಂಪರೆಯೂ ಒಂದು ಕಾಲದ, ಒಂದು ನಾಡಿನ ಒತ್ತಡದಿಂದ ಹುಟ್ಟಿದ್ದು. ಪ್ರಶ್ನೆ ಯಾರದು, ಹಣ ಯಾರದು ಎಂಬ ಸಂಗತಿಗಳು ಅದರ ಸಂಶೋಧನಾ ವಿಧಾನದೊಳಗೇ ಬೆರೆತಿವೆ. ಅಮೆರಿಕ, ಜರ್ಮನಿ ಮತ್ತು ಬ್ರಿಟನ್‌ಗಳಲ್ಲಿ ಈ ಅಧ್ಯಯನ ರೂಪುಗೊಂಡ ಬಗೆಯನ್ನು ಪರಿಶೀಲಿಸಿ, ಕರ್ನಾಟಕದಿಂದ ಹೋಗುವವರು ಯಾವ ಮಾನದಂಡದಿಂದ ಆಯ್ಕೆ ಮಾಡಿಕೊಳ್ಳಬೇಕು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1. ಕಸುಬು ವಿದ್ಯೆಯಾದದ್ದು

1908ರಲ್ಲಿ ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ ಪತ್ರಿಕೋದ್ಯಮ ಶಾಲೆಯನ್ನು ಆರಂಭಿಸಿದರು. ಅವರು ಸ್ವತಃ ಕಾಲೇಜು ಪದವಿ ಪಡೆದವರಲ್ಲ. ಮುದ್ರಣಾಲಯದಲ್ಲಿ ಪಳಗಿ ಸಂಪಾದಕರಾದವರು. ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ಕೈಯಿಂದ ದಿನಪತ್ರಿಕೆಯೂ ಹೊರಬಂತು. ಅದು ಕಾಲೇಜಿನ ಗೋಡೆಯೊಳಗೆ ಉಳಿಯುವ ಅಭ್ಯಾಸ ಪತ್ರಿಕೆಯಾಗಿರಲಿಲ್ಲ, ಕೊಲಂಬಿಯಾ ಎಂಬ ಆ ಊರಿನ ಜನ ಓದುವ ಪತ್ರಿಕೆಯಾಗಿತ್ತು. ತಪ್ಪು ಬರೆದರೆ ಮೇಷ್ಟರಿಗಿಂತ ಮೊದಲು ಊರಿನವರೇ ಹಿಡಿಯುತ್ತಿದ್ದರು. ಮಾಡಿ ಕಲಿಯುವ ಈ ಕ್ರಮ ಇಂದಿಗೂ 'ಮಿಸ್ಸೌರಿ ಪದ್ಧತಿ' ಎಂದೇ ಹೆಸರಾಗಿದೆ. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ದತ್ತಿಯಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1912ರಲ್ಲಿ ಇಂಥದೇ ಶಾಲೆ ತೆರೆಯಿತು.

ಜರ್ಮನಿಯ ದಾರಿ ಬೇರೆ. 1910ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದ ಸಮಾಜಶಾಸ್ತ್ರಜ್ಞರ ಮೊದಲ ಸಮ್ಮೇಳನದಲ್ಲಿ ಮ್ಯಾಕ್ಸ್ ವೇಬರ್ ವೃತ್ತಪತ್ರಿಕೆಗಳ ಬೃಹತ್ ಅಧ್ಯಯನವೊಂದರ ಪ್ರಸ್ತಾಪ ಮಂಡಿಸಿದರು. ಅದು ಕೈಗೂಡಲಿಲ್ಲ. 1916ರಲ್ಲಿ ಲೈಪ್‌ಜಿಗ್‌ನಲ್ಲಿ ಪತ್ರಿಕಾ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ಕಾರ್ಲ್ ಬ್ಯೂಷರ್ ಅರ್ಥಶಾಸ್ತ್ರಜ್ಞರು. ಮಿಸ್ಸೌರಿ ಪತ್ರಿಕೆಯನ್ನು ಕಸುಬೆಂದು ಕಂಡಿತು. ಲೈಪ್‌ಜಿಗ್ ಅದನ್ನು ಸಮಾಜದ ಒಂದು ಸಂಸ್ಥೆಯೆಂದು ಕಂಡಿತು. ವರದಿಗಾರರನ್ನು ತಯಾರಿಸುವ ಶಾಲೆ, ಪತ್ರಿಕೆಯನ್ನೇ ಪರೀಕ್ಷಿಸುವ ಶಾಲೆ ಎಂಬ ಈ ಭೇದ ಇಂದಿನ ಕೋರ್ಸುಗಳಲ್ಲೂ ಉಳಿದುಬಂದಿದೆ.

ಕರ್ನಾಟಕಕ್ಕೆ ಮೊದಲು ತಲುಪಿದ್ದು ಮಿಸ್ಸೌರಿಯ ದಾರಿ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆರಂಭವಾದ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿ ಬೆಳೆಸಿದ ನಾಡಿಗ ಕೃಷ್ಣಮೂರ್ತಿಯವರು ಮಿಸ್ಸೌರಿಯಲ್ಲಿ ಓದಿ ಬಂದವರು. ಮುಂದೆ ಅವರು ಭಾರತೀಯ ಪತ್ರಿಕೋದ್ಯಮದ ಇತಿಹಾಸವನ್ನೇ ಬರೆದದ್ದು ಗಮನಾರ್ಹ. ಕಲಿತು ಬಂದದ್ದು ಅಲ್ಲಿಯ ಕಸುಬಾದರೂ ತೊಡಗಿಸಿಕೊಂಡದ್ದು ಇಲ್ಲಿಯ ಸಾಮಗ್ರಿಯಲ್ಲಿ.

2. ಹಸಿರು ಗುಂಡಿ, ಕೆಂಪು ಗುಂಡಿ

ಎರಡನೆಯ ಘಟ್ಟ ರೇಡಿಯೋದೊಂದಿಗೆ ಬಂತು. ವಿಯೆನ್ನಾದ ಪಾಲ್ ಲಜಾರ್ಸ್‌ಫೆಲ್ಡ್ 1933ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಫೆಲೋಶಿಪ್ ಪಡೆದು ಅಮೆರಿಕಕ್ಕೆ ಹೋದರು. ಯಹೂದಿಯಾಗಿದ್ದ ಅವರಿಗೆ ಮರಳುವ ದಾರಿ ಬಹುಬೇಗ ಮುಚ್ಚಿತು. 1937ರಲ್ಲಿ ಅದೇ ಪ್ರತಿಷ್ಠಾನದ ಹಣದಲ್ಲಿ ಶುರುವಾದ ರೇಡಿಯೋ ಸಂಶೋಧನಾ ಯೋಜನೆಗೆ ಅವರು ನಿರ್ದೇಶಕರಾದರು. ಅವರೂ ಸಿಬಿಎಸ್ ಪ್ರಸಾರ ಸಂಸ್ಥೆಯ ಫ್ರಾಂಕ್ ಸ್ಟಾಂಟನ್ನರೂ ಸೇರಿ ರೂಪಿಸಿದ ಯಂತ್ರವೊಂದು ಆ ಕಾಲದ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ. ಕಾರ್ಯಕ್ರಮ ಕೇಳಲು ಕರೆಸಿದವರ ಕೈಗೆ ಎರಡು ಗುಂಡಿಗಳನ್ನು ಕೊಡಲಾಗುತ್ತಿತ್ತು: ಹಿಡಿಸಿದಾಗ ಹಸಿರು ಒತ್ತಬೇಕು, ಹಿಡಿಸದಿದ್ದಾಗ ಕೆಂಪು, ಏನೂ ಒತ್ತದಿದ್ದರೆ ಉದಾಸೀನ. ಓಡುವ ಕಾಗದದ ಮೇಲೆ ಆ ಒತ್ತುಗಳು ಗೆರೆಗಳಾಗಿ ದಾಖಲಾಗುತ್ತಿದ್ದವು. ಯಾವ ಕ್ಷಣದಲ್ಲಿ, ಯಾವ ಮಾತಿಗೆ ಕೇಳುಗರ ಮನಸ್ಸು ತಿರುಗಿತು ಎಂಬುದು ಲೆಕ್ಕಕ್ಕೆ ಸಿಕ್ಕಂತಾಯಿತು.

1938ರಲ್ಲಿ ಈ ಯೋಜನೆಯ ಸಂಗೀತ ವಿಭಾಗಕ್ಕೆ ಬಂದವರು ಫ್ರಾಂಕ್‌ಫರ್ಟ್ ಪಂಥದ ಥಿಯೊಡೋರ್ ಅಡೋರ್ನೊ. ರೇಡಿಯೋ ಸಂಗೀತವನ್ನು ಸರಕನ್ನಾಗಿಸಿ ಕೇಳುವ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂಬುದು ಅವರ ನಿಲುವು. ಹಾಗೆ ಕುಗ್ಗಿದ ಕಿವಿಯ ಇಷ್ಟಾನಿಷ್ಟವನ್ನು ಗುಂಡಿಯಿಂದ ಅಳೆದರೆ ಸಿಗುವುದೇನು ಎಂಬುದು ಅವರ ಆಕ್ಷೇಪದ ತಿರುಳು. ಲಜಾರ್ಸ್‌ಫೆಲ್ಡ್‌ಗೂ ಅವರಿಗೂ ಹೊಂದಲಿಲ್ಲ, ಸಂಗೀತ ವಿಭಾಗಕ್ಕೆ ಹಣ ನಿಂತುಹೋಯಿತು. ಅಡೋರ್ನೊ ಮುಂದೆ ಅದೇ ಪಂಥದ ಹೋರ್ಕ್‌ಹೈಮರ್ ಜೊತೆ ಸಂಸ್ಕೃತಿ ಉದ್ಯಮದ ವಿಮರ್ಶೆ ಬರೆದರು. ಲಜಾರ್ಸ್‌ಫೆಲ್ಡ್ ತಂಡ 1940ರ ಅಧ್ಯಕ್ಷೀಯ ಚುನಾವಣೆಯ ವೇಳೆ ಒಹಾಯೋದ ಈರಿ ಕೌಂಟಿಯಲ್ಲಿ ಅದೇ ಮತದಾರರನ್ನು ತಿಂಗಳು ತಿಂಗಳೂ ಸಂದರ್ಶಿಸಿತು. ಮಾಧ್ಯಮದ ಮಾತು ಜನರನ್ನು ನೇರವಾಗಿ ಮುಟ್ಟುವುದಕ್ಕಿಂತ ಸುತ್ತಲಿನ ಅಭಿಪ್ರಾಯ ಮುಖಂಡರ ಮೂಲಕ ಹೆಚ್ಚು ಮುಟ್ಟುತ್ತದೆ ಎಂಬ ತೀರ್ಮಾನಕ್ಕೆ ಬಂದ ಆ ಅಧ್ಯಯನ 1944ರಲ್ಲಿ ಪುಸ್ತಕವಾಯಿತು.

ಇಂದು ಕೇಳುತ್ತಿರುವ 'ಪರಿಮಾಣಾತ್ಮಕವೋ ವಿಮರ್ಶಾತ್ಮಕವೋ' ಎಂಬ ಜಗಳದ ಬೇರು ಇಲ್ಲಿದೆ. ಅದು ಎರಡು ದೇಶಗಳ ನಡುವಿನ ಜಗಳವಾಗಿರಲಿಲ್ಲ. ಮಧ್ಯ ಯೂರೋಪಿನಿಂದ ಬಂದ ಇಬ್ಬರು ಒಂದೇ ಯೋಜನೆಯೊಳಗೆ ಹೂಡಿದ ವಾದವಾಗಿತ್ತು. ಅಮೆರಿಕದ ಸಂಸ್ಥೆಗಳಲ್ಲಿ ಗೆದ್ದದ್ದು ಅಳೆಯುವ ಪಕ್ಷ. ಜಾಹೀರಾತುದಾರರಿಗೆ, ಪ್ರಸಾರ ಕಂಪನಿಗಳಿಗೆ, ಯುದ್ಧಕಾಲದ ಸರ್ಕಾರಕ್ಕೆ ಬೇಕಾದ ಉತ್ತರ ಅದರ ಬಳಿಯಿತ್ತು. ಯುದ್ಧದ ದಿನಗಳಲ್ಲಿ ಸರ್ಕಾರಿ ಪ್ರಚಾರ ಇಲಾಖೆಯಲ್ಲಿ ದುಡಿದ ವಿಲ್ಬರ್ ಶ್ರಾಮ್ 1943ರಲ್ಲಿ ಅಯೋವಾದಲ್ಲಿ, 1947ರಲ್ಲಿ ಇಲಿನಾಯ್‌ನಲ್ಲಿ, 1955ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಈ ವಿದ್ಯೆಗೆ ಸ್ವತಂತ್ರ ವಿಭಾಗ, ಪಠ್ಯಪುಸ್ತಕ, ಪಿಎಚ್‌ಡಿಗಳನ್ನು ಒದಗಿಸಿಕೊಟ್ಟರು.

3. ಮೆಕ್ಕೆಜೋಳದಿಂದ ಉಪಗ್ರಹಕ್ಕೆ

ಒಂದು ಜಾಗದ ಉತ್ತರ ಇನ್ನೊಂದು ಜಾಗದ ಸಿದ್ಧಾಂತವಾಗುವುದು ಹೇಗೆ ಎಂಬುದಕ್ಕೆ 'ನಾವೀನ್ಯ ಪ್ರಸರಣ'ದ ಕಥೆ ಒಳ್ಳೆಯ ನಿದರ್ಶನ. ಅಯೋವಾದ ಎರಡು ರೈತ ಸಮುದಾಯಗಳಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹರಡಿತು ಎಂದು ರಯಾನ್ ಮತ್ತು ಗ್ರಾಸ್ 1943ರಲ್ಲಿ ವರದಿ ಮಾಡಿದರು. ಅದೇ ನಾಡಿನ ಎವರೆಟ್ ರೋಜರ್ಸ್ 1962ರಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸುವ ಸಿದ್ಧಾಂತವಾಗಿ ಬೆಳೆಸಿದರು: ಮೊದಲು ಸ್ವೀಕರಿಸುವವರು, ನಂತರದವರು, ಕೊನೆಗೆ ಹಿಂದುಳಿಯುವವರು. ಅಯೋವಾದ ರೈತನಿಗೆ ಉಳಲು ಜಮೀನೂ ಮಾರುಕಟ್ಟೆಯೂ ಇದ್ದವು; ಬೀಜ ಕೊಳ್ಳುವುದು ಬಿಡುವುದು ಬಹುಮಟ್ಟಿಗೆ ಅವನ ತೀರ್ಮಾನ. ಜಮೀನೇ ಇಲ್ಲದ ಕೂಲಿಯಾಳನ್ನು ಇದೇ ಪಟ್ಟಿಯ ಕೊನೆಯಲ್ಲಿ ನಿಲ್ಲಿಸಿದರೆ, ಭೂಹಂಚಿಕೆಯ ದೋಷ ಅವನ ಸ್ವಭಾವದ ದೋಷವಾಗಿಬಿಡುತ್ತದೆ. ಡೇನಿಯಲ್ ಲರ್ನರ್ 1958ರಲ್ಲಿ, ಶ್ರಾಮ್ 1964ರಲ್ಲಿ ಮಂಡಿಸಿದ ಅಭಿವೃದ್ಧಿ ಸಂವಹನದ ವಾದಗಳಲ್ಲೂ ಹಳ್ಳಿಗರ ಮನಸ್ಸು ಬದಲಾದರೆ ಉಳಿದದ್ದು ತಾನಾಗಿ ಆಗುತ್ತದೆ ಎಂಬ ಭರವಸೆಯೇ ಪ್ರಬಲ.

ಈ ಭರವಸೆ ಭಾರತದ ನೀತಿಯಲ್ಲೂ ಬೇರೂರಿತು. ಫೋರ್ಡ್ ಪ್ರತಿಷ್ಠಾನ ಕಳಿಸಿದ, ಶ್ರಾಮ್ ಇದ್ದ ತಜ್ಞರ ತಂಡದ ಸಲಹೆಯ ಬೆನ್ನಿಗೆ 1965ರಲ್ಲಿ ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಹುಟ್ಟಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಾಸಾದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ 'ಸೈಟ್' (ಉಪಗ್ರಹ ಬೋಧನಾ ಟೆಲಿವಿಷನ್) ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಾಮೂಹಿಕ ಟೆಲಿವಿಷನ್ ಕೊಟ್ಟಿತು. ಅವುಗಳಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಸೈಟ್‌ನ ಮೌಲ್ಯಮಾಪನದಲ್ಲಿ ಸಮೀಕ್ಷೆಯ ಪ್ರಶ್ನಾವಳಿಗಳ ಜೊತೆಗೆ ಹಳ್ಳಿಯಲ್ಲೇ ವಾಸವಿದ್ದು ಬರೆದ ಮಾನವಶಾಸ್ತ್ರಜ್ಞರ ದಾಖಲೆಗಳೂ ಸೇರಿದ್ದವು. ಗುಂಡಿ ಒತ್ತಿಸಿ ಪಡೆಯಲಾಗದ ಸಂಗತಿಗಳಿವೆ ಎಂಬುದನ್ನು ಭಾರತೀಯ ಸಂಶೋಧಕರು ಆಗಲೇ ಒಪ್ಪಿಕೊಂಡಿದ್ದರು. ಅಭಿವೃದ್ಧಿಯ ಆ ಪ್ರಬಲ ಮಾದರಿಯ ಕಾಲ ಮುಗಿಯಿತೆಂದು ರೋಜರ್ಸ್ ತಾವೇ ಬರೆದದ್ದೂ 1976ರಲ್ಲಿ.

4. ನೋಡುಗರ ಜಗಲಿ

ಬ್ರಿಟನ್ನಿನಲ್ಲಿ ಈ ಅಧ್ಯಯನ ಸಾಹಿತ್ಯ ವಿಭಾಗದ ಪಕ್ಕದ ಕೋಣೆಯಲ್ಲಿ ಹುಟ್ಟಿತು. ಕಾರ್ಮಿಕ ವರ್ಗದ ಓದು, ಹಾಡು, ಮನರಂಜನೆಗಳ ಬಗ್ಗೆ 1957ರಲ್ಲಿ ಪುಸ್ತಕ ಬರೆದ ಇಂಗ್ಲಿಷ್ ಪ್ರಾಧ್ಯಾಪಕ ರಿಚರ್ಡ್ ಹೊಗಾರ್ಟ್ 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ತೆರೆದರು. ಅವರ ನಂತರ 1979ರವರೆಗೆ ಅದನ್ನು ಮುನ್ನಡೆಸಿದವರು ಜಮೈಕಾದಿಂದ ಆಕ್ಸ್‌ಫರ್ಡಿಗೆ ಓದಲು ಬಂದಿದ್ದ ಸ್ಟುವರ್ಟ್ ಹಾಲ್. ವಸಾಹತಿನಿಂದ ಬಂದ ವಿದ್ಯಾರ್ಥಿಯೊಬ್ಬರು ಆಳಿದ ದೇಶದ ಮಾಧ್ಯಮವನ್ನು ಪರೀಕ್ಷೆಗೆ ಒಡ್ಡಿದ್ದು ಈ ಪರಂಪರೆಯ ವಿಶೇಷ.

ಹಾಲ್ 1973ರ ಪ್ರಬಂಧದಲ್ಲಿ ಮಂಡಿಸಿದ ವಾದದ ಪ್ರಕಾರ ಟೆಲಿವಿಷನ್ ಸಂದೇಶವನ್ನು ಕಟ್ಟುವವರು ಒಂದು ಅರ್ಥವನ್ನು ಮುಂದಿಡುತ್ತಾರೆ. ನೋಡುವವರು ಅದನ್ನು ಹಾಗೆಯೇ ಒಪ್ಪಬಹುದು, ಅರೆಬರೆ ಒಪ್ಪಿ ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು, ಇಲ್ಲವೇ ತಿರುಗಿಬೀಳಬಹುದು. ಡೇವಿಡ್ ಮೋರ್ಲಿ ಇದನ್ನು ಪರೀಕ್ಷೆಗೆ ಹಚ್ಚಿದರು. 'ನೇಷನ್‌ವೈಡ್' ಎಂಬ ಬಿಬಿಸಿಯ ಸಂಜೆಯ ಸುದ್ದಿ ಕಾರ್ಯಕ್ರಮವನ್ನು 29 ಗುಂಪುಗಳಿಗೆ ತೋರಿಸಿ, ಬಳಿಕ ಅವರ ಮಾತುಕತೆಯನ್ನು ದಾಖಲಿಸಿಕೊಂಡರು. ಬ್ಯಾಂಕ್ ಮ್ಯಾನೇಜರುಗಳಿಗೆ ಕಾರ್ಯಕ್ರಮದ ಆರ್ಥಿಕ ವಿವರಣೆ ಸಹಜವೆನಿಸಿತು. ಕಾರ್ಖಾನೆಯ ಕಾರ್ಮಿಕ ಮುಖಂಡರು ಅದನ್ನು ಮಾಲೀಕರ ಪರವೆಂದು ತಳ್ಳಿಹಾಕಿದರು. ಕೆಲವು ಕಪ್ಪು ವಿದ್ಯಾರ್ಥಿಗಳಿಗೆ ಅದರಲ್ಲಿ ತಮಗೆ ಸಂಬಂಧಪಟ್ಟದ್ದೇ ಇಲ್ಲವೆನಿಸಿತು. 1980ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಪ್ರೇಕ್ಷಕರು ಸಂಖ್ಯೆಗಳಲ್ಲ, ವಾದಿಸುವ ಜನ. ಆದರೂ ವರ್ಗದಿಂದಲೇ ಓದು ನಿರ್ಧಾರವಾಗುವುದಿಲ್ಲ ಎಂಬುದನ್ನೂ ಅದರ ಫಲಿತಾಂಶ ತೋರಿಸಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಆ ಕೇಂದ್ರದಿಂದ ಬೆಳೆದ ವಿಭಾಗವನ್ನು 2002ರಲ್ಲಿ ಮುಚ್ಚಿತು. ಅದರ ಓದುವ ಕ್ರಮ ಅಷ್ಟರೊಳಗೆ ಬ್ರಿಟನ್ನಿನ ಆಚೆಗೂ ಹರಡಿ, ಅಮೆರಿಕದ ವಿಭಾಗಗಳಲ್ಲೂ ನೆಲೆಯೂರಿತ್ತು. ಹೀಗಾಗಿ ದೇಶದ ಹೆಸರಿನಿಂದ ಪರಂಪರೆಯನ್ನು ಊಹಿಸುವುದು ಈಗ ಸಾಧ್ಯವಿಲ್ಲ. ವಿಭಾಗದ ಅಧ್ಯಾಪಕರು ಏನು ಬರೆದಿದ್ದಾರೆಂದು ನೋಡಿಯೇ ತಿಳಿಯಬೇಕು.

5. ಇಂದಿನ ಆಯ್ಕೆ

ವ್ಯವಸ್ಥೆಯ ಭೇದಗಳೂ ಈ ಇತಿಹಾಸದ ಮುಂದುವರಿಕೆಯೇ. ಬ್ರಿಟನ್ನಿನ ಎಂಎ ಸಾಮಾನ್ಯವಾಗಿ ಒಂದು ವರ್ಷದ್ದು. ಕೊನೆಯ ಬೇಸಿಗೆಯೆಲ್ಲ ಪ್ರೌಢಪ್ರಬಂಧಕ್ಕೆ ಮೀಸಲು. ಅಲ್ಲಿಯ ಪಿಎಚ್‌ಡಿಗೆ ಅರ್ಜಿಯೊಂದಿಗೇ ಸಂಶೋಧನಾ ಪ್ರಸ್ತಾವ ಕೊಡಬೇಕು, ಮಾರ್ಗದರ್ಶಕರನ್ನೂ ಹುಡುಕಿಕೊಂಡಿರಬೇಕು. ಅಮೆರಿಕದಲ್ಲಿ ಎಂಎ ಬಹುತೇಕ ಎರಡು ವರ್ಷ. ಪಿಎಚ್‌ಡಿಯ ಮೊದಲ ವರ್ಷಗಳಲ್ಲಿ ತರಗತಿಗಳು, ಆಮೇಲೆ ಸಮಗ್ರ ಪರೀಕ್ಷೆ, ನಂತರವೇ ಪ್ರಬಂಧ. ಬೋಧನಾ ಸಹಾಯಕರಾಗಿ ದುಡಿದರೆ ಶುಲ್ಕ ವಿನಾಯಿತಿಯೂ ಸಂಬಳವೂ ಸಿಗುವುದುಂಟು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಪ್ರಶ್ನೆ ಸಿದ್ಧವಿದ್ದವರಿಗೆ ಬ್ರಿಟನ್ನಿನ ಕ್ರಮ ಅನುಕೂಲ. ವಿಧಾನಗಳನ್ನು ಮೊದಲಿನಿಂದ ಕಲಿಯಬೇಕಾದವರಿಗೆ ಅಮೆರಿಕದ್ದು.

ಆದರೆ ವರ್ಷ ಮತ್ತು ಶುಲ್ಕಗಳ ಲೆಕ್ಕಕ್ಕಿಂತ ದೊಡ್ಡ ವಿಚಾರ ಸಂಶೋಧನೆಯ ಸಾಮಗ್ರಿ. ಕರನ್ ಮತ್ತು ಪಾರ್ಕ್ 2000ದಲ್ಲಿ ಸಂಪಾದಿಸಿದ ಗ್ರಂಥ, ಬೆರಳೆಣಿಕೆಯ ಪಾಶ್ಚಾತ್ಯ ದೇಶಗಳ ಅನುಭವವನ್ನೇ ಮಾಧ್ಯಮ ಸಿದ್ಧಾಂತವೆಂದು ಒಪ್ಪಿಕೊಂಡದ್ದನ್ನು ಪ್ರಶ್ನಿಸಿತು. ಪೌಲಾ ಚಕ್ರವರ್ತಿ ಮತ್ತು ಸಹಲೇಖಕರು 2018ರಲ್ಲಿ ಸಂವಹನ ಕ್ಷೇತ್ರದ ನಿಯತಕಾಲಿಕೆಗಳ ಉಲ್ಲೇಖಗಳನ್ನು ಪರಿಶೀಲಿಸಿ, ಬಿಳಿಯರಲ್ಲದ ವಿದ್ವಾಂಸರ ಬರಹ ಅಲ್ಲಿ ಕಡಿಮೆ ಪ್ರಕಟವಾಗುತ್ತದೆ, ಕಡಿಮೆ ಉಲ್ಲೇಖಗೊಳ್ಳುತ್ತದೆ ಎಂದು ತೋರಿಸಿದರು. ಕನ್ನಡ ಸುದ್ದಿವಾಹಿನಿಗಳ ಚರ್ಚೆಯಲ್ಲಿ ಜಾತಿ ಹೇಗೆ ಮಾತಾಡುತ್ತದೆ, ಜಿಲ್ಲಾ ಪತ್ರಿಕೆಗಳ ಅರ್ಥಶಾಸ್ತ್ರವೇನು, ಧಾರಾವಾಹಿಯ ನೋಡುಗರು ಮನೆಯೊಳಗೆ ಏನು ವಾದಿಸುತ್ತಾರೆ ಎಂಬಂಥ ಪ್ರಶ್ನೆಗಳು ಸಿದ್ಧಾಂತವನ್ನು ತಿದ್ದಬಲ್ಲವು. ಅವನ್ನು ಬರೀ ಪ್ರಾದೇಶಿಕ ಉದಾಹರಣೆಗಳೆಂದು ಅಂಚಿಗೆ ತಳ್ಳಬೇಕಿಲ್ಲ.

ಹೀಗೆ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ಹೈದರಾಬಾದಿಗೆ ಮರಳಿದ ವಿನೋದ್ ಪಾವರಾಲ, ಕಾಂಚನ್ ಮಲಿಕ್ ಜೊತೆ 2007ರಲ್ಲಿ ಬರೆದ ಸಮುದಾಯ ರೇಡಿಯೋ ಕುರಿತ ಗ್ರಂಥದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯ ಅಧ್ಯಯನವಿದೆ. ಸಹನಾ ಉಡುಪ ಅವರದು ತಿರುಗುಮುರುಗಿನ ಪಯಣ: ಬೆಂಗಳೂರಿನಲ್ಲೇ ಪಿಎಚ್‌ಡಿ ಮುಗಿಸಿ, ಆ ನಗರದ ಕನ್ನಡ ಮತ್ತು ಇಂಗ್ಲಿಷ್ ಸುದ್ದಿಮನೆಗಳ ಕುರಿತು 2015ರಲ್ಲಿ ಗ್ರಂಥ ಪ್ರಕಟಿಸಿ, ಈಗ ಮ್ಯೂನಿಕ್‌ನಲ್ಲಿ ಮಾಧ್ಯಮ ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿದ್ದಾರೆ. ಊರಿನ ಸಾಮಗ್ರಿ ಗಟ್ಟಿಯಿದ್ದರೆ ಅದೇ ವಿದೇಶದ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಸಮಾರೋಪ

ಈ ವಿವೇಚನೆಯಿಂದ ಹೊರಡುವ ಮಾನದಂಡ ಸರಳವಾದುದು. ಅರ್ಜಿ ಹಾಕುವ ಮುನ್ನ ಮೂರನ್ನು ಕೇಳಿಕೊಳ್ಳಬೇಕು: ಈ ವಿಭಾಗ ಯಾವ ಪರಂಪರೆಯದು, ನನ್ನ ಪ್ರಶ್ನೆಗೆ ಆ ವಿಧಾನ ಒದಗುತ್ತದೆಯೇ, ಕನ್ನಡದ ಸಾಮಗ್ರಿಯ ಮೇಲೆ ಕೆಲಸ ಮಾಡಲು ಅಲ್ಲಿಯ ಮಾರ್ಗದರ್ಶಕರು ಒಪ್ಪುತ್ತಾರೆಯೇ. ಮೂರನೆಯದಕ್ಕೆ ಉತ್ತರ ಇಲ್ಲವೆಂದಾದರೆ ಶ್ರೇಯಾಂಕ ಎಷ್ಟೇ ಎತ್ತರದ್ದಿರಲಿ, ಕನ್ನಡ ಮಾಧ್ಯಮವನ್ನು ಅರಿಯಲು ಹೊರಟವರಿಗೆ ಆ ವಿಭಾಗದಿಂದ ಪ್ರಯೋಜನ ಕಡಿಮೆ.

ಅಡ್ಡಿ ಹೊರಗಷ್ಟೇ ಇಲ್ಲ. ಪರಿಶಿಷ್ಟ ಜಾತಿ ಮತ್ತಿತರ ವಂಚಿತ ಸಮುದಾಯಗಳ ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜ ಕುರಿತ ಸಂಶೋಧನಾ ವಿಷಯಗಳನ್ನು ನೆರವಿನಿಂದ ಹೊರಗಿಟ್ಟಿತು. ದಲಿತ ವಿದ್ಯಾರ್ಥಿಯೊಬ್ಬರು ಕನ್ನಡ ಪತ್ರಿಕೆಗಳಲ್ಲಿ ಜಾತಿಯ ಚಿತ್ರಣವನ್ನು ವಿದೇಶದಲ್ಲಿ ಕೂತು ಸಂಶೋಧಿಸಬಯಸಿದರೆ ಅಂಥ ಷರತ್ತು ನೇರವಾಗಿ ಅಡ್ಡ ಬರುತ್ತದೆ. ಕಲಿತ ವಿಧಾನವನ್ನು ಸ್ವಂತ ನೆಲದ ಸಾಮಗ್ರಿಯ ಮೇಲೆ ಪರೀಕ್ಷಿಸಿದಾಗಲೇ ಈ ವಿದ್ಯೆ ಬೆಳೆದಿದೆ ಎಂಬುದು ಅಯೋವಾದಿಂದ ಬರ್ಮಿಂಗ್‌ಹ್ಯಾಮಿನವರೆಗಿನ ಇತಿಹಾಸದ ಪಾಠ. ಅದನ್ನೇ ನಿಷೇಧಿಸುವ ಷರತ್ತಿಗೆ ವಿದ್ಯಾರ್ಥಿವೇತನದ ನಿಯಮಗಳಲ್ಲಿ ಜಾಗ ಇರಕೂಡದು. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಇದನ್ನು ಒಕ್ಕೊರಲಿನಿಂದ ಸರ್ಕಾರಕ್ಕೆ ತಿಳಿಸಬೇಕು.