ಕೊಪ್ಪಳದ ಕೋಟೆ ಮತ್ತು ತೋಪಿನ ನಳಿಗೆ : ಇತಿಹಾಸದ ಒಂದು ಪಾಠ



ತಾವರಗೇರಾದಿಂದ ಕುಷ್ಟಗಿ ಮಾರ್ಗವಾಗಿ ಕೊಪ್ಪಳಕ್ಕೆ ಹೋದವರೆಲ್ಲರೂ ಅಲ್ಲಿಯ ಬೆಟ್ಟದ ಮೇಲಿನ ಕೋಟೆಯನ್ನು ನೋಡಿಯೇ ಇರುತ್ತೀರಿ. "ಅದೋ ನೋಡು, ಟಿಪ್ಪು ಸುಲ್ತಾನರ ಕೋಟೆ" ಎಂದು ಮಕ್ಕಳಿಗೆ ತೋರಿಸಿ ನಾವು ಸುಮ್ಮನಾಗುತ್ತೇವೆ. ಆ ಕೋಟೆಯ ಬುಡದಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ನಡೆದ ಒಂದು ಸಂಗತಿಗೂ ನಮ್ಮ ಮಕ್ಕಳ ವಿದ್ಯಾಭ್ಯಾಸಕ್ಕೂ ಸಂಬಂಧವಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

1786ರಲ್ಲಿ ಟಿಪ್ಪು ಸುಲ್ತಾನರು ಈ ಕೋಟೆಯನ್ನು ಪಾಳೆಯಗಾರನೊಬ್ಬನಿಂದ ವಶಪಡಿಸಿಕೊಂಡು, ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದರು. ಮೂರನೆಯ ಮೈಸೂರು ಯುದ್ಧದಲ್ಲಿ, 1790ರ ಕೊನೆಯ ಭಾಗದಲ್ಲಿ, ಹೈದರಾಬಾದಿನ ನಿಜಾಮರ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ತುಕಡಿಯೂ ಸೇರಿ ಇದಕ್ಕೆ ಮುತ್ತಿಗೆ ಹಾಕಿದವು. ಮುತ್ತಿಗೆ ಸುಮಾರು ಆರು ತಿಂಗಳು ಎಳೆಯಿತು. ಇದಕ್ಕೆ ಬಂಡೆಗಲ್ಲಿನ ಬಲ ಒಂದು ಕಾರಣ. ಇನ್ನೊಂದು ಕಾರಣ ವಿಚಿತ್ರವಾದುದು. ಮುತ್ತಿಗೆ ಹಾಕಿದವರ ತೋಪುಗಳು ಸ್ವಲ್ಪ ದಿನಗಳಲ್ಲೇ ಕೆಟ್ಟು ಕುಳಿತವು. ಕೋಟೆಯೊಳಗಿನವರ ಗುಂಡಿಗಿಂತ ಹೆಚ್ಚಾಗಿ ತಾವೇ ಹಾರಿಸಿದ ಗುಂಡಿನಿಂದ ಅವು ಹಾಳಾದವು! 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಕಂಪನಿಯ ಕೈಸೇರಿತು. ಅದಾದ ಮೇಲೆ, ಏಪ್ರಿಲ್‌ನಲ್ಲಿ, ಕೊಪ್ಪಳವೂ ಪಕ್ಕದ ಬಹದ್ದೂರಬಂಡಿಯೂ ಶರಣಾದವು. ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಸರ್ ಜಾನ್ ಮಾಲ್ಕಂ ಅಭಿಪ್ರಾಯಪಟ್ಟಿದ್ದಾನೆ.

ತೋಪು ತನ್ನ ಗುಂಡಿನಿಂದಲೇ ಕೆಡುವುದು ಹೇಗೆ? ಮದ್ದು ಉರಿದಾಗ ನಳಿಗೆಯೊಳಗೆ ಭಾರಿ ಶಾಖವೂ ಒತ್ತಡವೂ ಹುಟ್ಟುತ್ತವೆ. ಬಿಡುವಿಲ್ಲದೆ ಹಾರಿಸಿದರೆ ಕಂಚಿನ ನಳಿಗೆ ಮೆತ್ತಗಾಗುತ್ತದೆ. ಬತ್ತಿ ಇಡುವ ಕಿಂಡಿ ಅಗಲವಾಗುತ್ತದೆ. ಕಬ್ಬಿಣದ ಗುಂಡು ಒಳಮೈಗೆ ಬಡಿದು ಗುಳಿ ಬೀಳಿಸುತ್ತದೆ. ಎರಕದ ಕಬ್ಬಿಣದ ನಳಿಗೆ ಮೆತ್ತಗಾಗದಿದ್ದರೂ, ಎರಕದಲ್ಲಿ ದೋಷವಿದ್ದರೆ ಒಡೆದು ತನ್ನ ಗೋಲಂದಾಜನನ್ನೇ ಕೊಲ್ಲುತ್ತದೆ. ಆದ್ದರಿಂದ ನಳಿಗೆಯ ಆಯ್ಕೆಯೆಂದರೆ ಪ್ರಾಣದ ಪ್ರಶ್ನೆಯಾಗಿತ್ತು.

ಕೈಬಂದೂಕಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಳಿಕೆ ಮತ್ತು ಗುರಿ, ಎರಡೂ ನಳಿಗೆಯಲ್ಲೇ ಇವೆ. ನಮ್ಮ ನಾಡಿನ ಉಕ್ಕು ಕತ್ತಿಯ ಅಲಗಿಗೆ ಜಗತ್ಪ್ರಸಿದ್ಧವಾಗಿತ್ತು. ಆದರೆ ಕತ್ತಿಗೆ ಒಪ್ಪುವುದೆಲ್ಲ ನಳಿಗೆಗೆ ಒಪ್ಪುವುದಿಲ್ಲ. ಇಂಗಾಲ ಹೆಚ್ಚಿರುವ ಉಕ್ಕು ಗಡಸು, ಆದರೆ ಬಿರುಸಾದ ಪೆಟ್ಟಿಗೆ ಸಿಡಿಯಬಹುದು. ನಳಿಗೆಗೆ ಬೇಕಾದುದು ಬಾಗಿದರೂ ಒಡೆಯದ, ಚೆನ್ನಾಗಿ ಬಡಿದ ಕಬ್ಬಿಣ. ಅದರ ಪಟ್ಟಿಯನ್ನು ಕಾಯಿಸಿ, ಹಗ್ಗ ಸುತ್ತಿದಂತೆ ಸುತ್ತಿ, ಬಡಿದು ಬೆಸೆಯುವ ಪದ್ಧತಿ ಇತ್ತು. ಹಾಗೆ ಮಾಡಿದರೆ ಬೆಸುಗೆ ಉದ್ದಕ್ಕೆ ಒಂದೇ ಗೆರೆಯಾಗಿ ಬಾರದೆ ಸುತ್ತಲೂ ಹರಡಿಕೊಳ್ಳುತ್ತದೆ. ಆಮೇಲೆ ಒಳಗಿನ ರಂಧ್ರವನ್ನು ನೇರವಾಗಿ ಕೊರೆಯಬೇಕು, ಗೋಡೆಯ ದಪ್ಪ ಎಲ್ಲ ಕಡೆಗೂ ಸಮನಾಗಿರಬೇಕು. ಕೊನೆಗೆ ಹೆಚ್ಚು ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕು. ಕುಲುಮೆಯ ಮುಂದೆ ಕುಳಿತ ಕಮ್ಮಾರನಿಗೆ ಕೈಬಲದಷ್ಟೇ ಲೆಕ್ಕವೂ ಬೇಕು.

ಈ ಲೆಕ್ಕದ ಮಹತ್ವವನ್ನು ಟಿಪ್ಪು ಸುಲ್ತಾನರು ಅರಿತಿದ್ದರು. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವರ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಮಾಡಿದ ಪಟ್ಟಿಯಲ್ಲಿ ಎಲ್ಲ ಬಗೆಯವೂ ಸೇರಿ 929 ತೋಪುಗಳಿದ್ದವು. ಬಂದೂಕು ತಯಾರಿಸುವ 11 ಕಾರ್ಖಾನೆಗಳು, ತೋಪಿನ ಎರಕ ಹೊಯ್ಯುವ 2 ಮನೆಗಳು, ತೋಪು ಮತ್ತು ಬಂದೂಕಿನ ನಳಿಗೆ ಕೊರೆಯುವ ಯಂತ್ರಗಳಿದ್ದ 3 ಕಟ್ಟಡಗಳೂ ಅದರಲ್ಲಿದ್ದವು. ಸುಲ್ತಾನರ ಖಡ್ಗದ ಬಗ್ಗೆ ನಮ್ಮ ಮಕ್ಕಳಿಗೆ ಗೊತ್ತು. ಈ ಕೊರೆಯುವ ಯಂತ್ರಗಳ ಬಗ್ಗೆ ಎಷ್ಟು ಮಕ್ಕಳಿಗೆ ಗೊತ್ತು?

ಮೈಸೂರಿನ ರಾಕೆಟ್ಟಿನ ಗುಟ್ಟೂ ನಳಿಗೆಯಲ್ಲೇ ಇತ್ತು. ಯುರೋಪಿನಲ್ಲಿ ಬಾಣದ ಮದ್ದನ್ನು ಕಾಗದದ ಕೊಳವೆಯಲ್ಲಿ ತುಂಬುತ್ತಿದ್ದರು. ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ತುಂಬಿದರು. ಹೆಚ್ಚಿನ ಒತ್ತಡವನ್ನು ತಡೆದ ಆ ಕೊಳವೆಯಿಂದಾಗಿ ಬಾಣ ಒಂದು ಕಿಲೋಮೀಟರಿಗೂ ದೂರ ಹಾರಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಳೆಯ ಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.

ಆದರೆ ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ರಾಕೆಟ್ ದೂರ ಹಾರುತ್ತಿತ್ತು, ಆದರೆ ಇಟ್ಟ ಗುರಿಗೆ ಬೀಳುವ ಖಾತ್ರಿ ಇರಲಿಲ್ಲ. ಆ ಕಾಲದ ಸೈನಿಕರ ಸಾಮಾನ್ಯ ಬಂದೂಕುಗಳೂ, ಎರಡೂ ಕಡೆಯವು, ಒಳಮೈ ನುಣುಪಾದವು. ಗುಂಡು ನಳಿಗೆಗಿಂತ ಸಣ್ಣದಿದ್ದು ಆಚೀಚೆ ಬಡಿಯುತ್ತಾ ಹೊರಬರುತ್ತಿದ್ದುದರಿಂದ ನೂರು ಗಜ ದಾಟಿದರೆ ಗುರಿ ನೆಚ್ಚುವಂತಿರಲಿಲ್ಲ. ನಳಿಗೆಯೊಳಗೆ ಸುರುಳಿ ಗೆರೆ ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದರೆ ಅದು ನೇರ ಹೋಗುತ್ತದೆ. ಇದೇ ರೈಫಲ್. ಇದರ ತತ್ವವನ್ನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1740ರ ದಶಕದಲ್ಲೇ ವಿವರಿಸಿದ್ದ. ನಮ್ಮ ರಾಕೆಟ್ಟುಗಳನ್ನೂ ಇಂಗ್ಲಿಷರು ಹೊತ್ತೊಯ್ದು ಪರೀಕ್ಷಿಸಿದರು. ಕೆಲವೇ ವರ್ಷಗಳಲ್ಲಿ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ ತಯಾರಿಸಿದ. ನಾವು ಅವುಗಳನ್ನು ಹೊಗಳಿಕೊಂಡು ಕುಳಿತೆವು, ಅವರು ಅಳೆದು ನೋಡಿದರು.

ಇನ್ನೊಂದು ಸತ್ಯವನ್ನೂ ಮರೆಯಬಾರದು. ಕೊಪ್ಪಳದಲ್ಲಿ ಕೋಟೆಯ ಒಡೆಯ ಮುಸಲ್ಮಾನ, ಮುತ್ತಿಗೆ ಹಾಕಿಸಿದ ನಿಜಾಮರೂ ಮುಸಲ್ಮಾನರು. ಸುಲ್ತಾನರ ಆಡಳಿತದಲ್ಲಿ ದಿವಾನ್ ಪೂರ್ಣಯ್ಯನವರಿದ್ದರು. ಈ ಯುದ್ಧವನ್ನು ಎರಡು ಧರ್ಮಗಳ ಜಗಳವೆಂದು ಹೇಳುವವರು, ಅವರು ಯಾರೇ ಆಗಿರಲಿ, ನಮ್ಮ ಮಕ್ಕಳಿಗೆ ತಪ್ಪು ಪಾಠ ಹೇಳುತ್ತಿದ್ದಾರೆ.

ಓದುಗರೇ, ಪವಿತ್ರ ಕುರ್‌ಆನಿನಲ್ಲಿ ಕಬ್ಬಿಣದ ಹೆಸರಿನ ಒಂದು ಅಧ್ಯಾಯವೇ ಇದೆ, 57ನೆಯ ಸೂರಃ ಅಲ್-ಹದೀದ್. ಕಬ್ಬಿಣದಲ್ಲಿ ಯುದ್ಧದ ಬಲವೂ ಇದೆ, ಜನರಿಗೆ ಉಪಯೋಗವೂ ಇದೆ ಎಂಬ ಅರ್ಥ ಅಲ್ಲಿ ಬರುತ್ತದೆ. ಇಂದು ನಮಗೆ ಬೇಕಾದುದು ಆ ಉಪಯೋಗ. ಬಂದೂಕಿನ ನಳಿಗೆ ಕೊರೆದ ವಿದ್ಯೆಯೇ ಇಂದು ಕೊಳವೆಬಾವಿಯ ಪಂಪು, ಟ್ರ್ಯಾಕ್ಟರಿನ ಇಂಜಿನ್‌ಗಳನ್ನು ಮಾಡುತ್ತದೆ. ಗ್ಯಾರೇಜಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುವ ನಮ್ಮ ಹುಡುಗರ ಕೈಯಲ್ಲಿ ಕಸುಬಿದೆ. ಅದಕ್ಕೆ ಗಣಿತ, ವಿಜ್ಞಾನ ಸೇರಿದರೆ ಅದೇ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಆಗುತ್ತದೆ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿರಲಿ. ಏಳನೆಯ ತರಗತಿಗೇ ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವ ಮುನ್ನ, ದಯವಿಟ್ಟು ಒಮ್ಮೆ ಯೋಚಿಸಿ.

ಮುಂದಿನ ಸಲ ಕೊಪ್ಪಳಕ್ಕೆ ಹೋದಾಗ ಮಕ್ಕಳಿಗೆ ಕೋಟೆಯನ್ನು ತೋರಿಸಿ. ಅದರ ಕೆಳಗೆ ಕೆಟ್ಟು ನಿಂತ ತೋಪುಗಳ ಕಥೆಯನ್ನೂ ಹೇಳಿ. ನಮ್ಮ ಮಕ್ಕಳ ವಿದ್ಯೆ ಆ ತೋಪುಗಳಂತೆ ಅರ್ಧದಲ್ಲೇ ಕೈಕೊಡದಿರಲಿ ಎಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಆಮೀನ್.