ಹೊಳೆದಂಡೆಯ ಪಾರ್ಕುಗಳು ಮತ್ತು ಒಂದು ಸೇತುವೆಯ ಕಥೆ

ನದಿ ದಂಡೆಯ ಪಾರ್ಕು ಅಂದ ಕೂಡಲೇ ನಮಗೆ ಹುಲ್ಲುಹಾಸು, ಕಲ್ಲುಬೆಂಚು, ಐಸ್‌ಕ್ರೀಂ ತಿನ್ನುವ ಮಕ್ಕಳು ನೆನಪಾಗುತ್ತಾರೆ. ಆದರೆ ಅಮೆರಿಕದ ಎಷ್ಟೋ ಹಳೆಯ ಊರುಗಳಲ್ಲಿ ಇಂಥ ಪಾರ್ಕುಗಳು ಬಂದದ್ದು ಈಚೆಗೆ. ಅದಕ್ಕೂ ಮೊದಲು ಅಲ್ಲಿ ದೋಣಿಕಟ್ಟೆ ಇತ್ತು, ಗೋದಾಮು ಇತ್ತು, ಕಾರ್ಖಾನೆ ಇತ್ತು. ಊರು ಹುಟ್ಟಿದ್ದೇ ಹೊಳೆಯ ದಡದಲ್ಲಿ. ಆಮೇಲೆ ರೈಲು ಬಂತು, ಹೆದ್ದಾರಿ ಬಂತು, ಹೊಳೆಯ ಕೆಲಸ ಮುಗಿಯಿತು. ದಡವನ್ನು ಗಲೀಜು ಮಾಡಿ ಬಿಟ್ಟು ಎಲ್ಲರೂ ಆಚೆ ಹೋದರು. ಹಾಗೆ ಪಾಳುಬಿದ್ದ ಜಾಗವೇ ಇವತ್ತಿನ ಪಾರ್ಕು. ಅಂದರೆ ಊರಿನ ಹೊಸ ಹುಲ್ಲು ಬೆಳೆದಿರುವುದು ಊರಿನ ಅತಿ ಹಳೆಯ ನೆಲದ ಮೇಲೆ!

ಇದು ನನಗೆ ಚೆನ್ನಾಗಿ ಮನದಟ್ಟಾಗಿದ್ದು ಟೆನೆಸ್ಸಿ ರಾಜ್ಯದ ಚಾಟನೂಗದಲ್ಲಿ. ನಾವಿರುವ ಅಟ್ಲಾಂಟಾದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. 2020ರ ಜನಗಣತಿಯ ಪ್ರಕಾರ 1 ಲಕ್ಷ 81 ಸಾವಿರ ಜನ, ನಮ್ಮ ಕಡೆಯ ಒಂದು ಸಣ್ಣ ಜಿಲ್ಲಾ ಕೇಂದ್ರದಷ್ಟು. 2024ರ ಅಕ್ಟೋಬರಿನಲ್ಲಿ ನಾನು ಮತ್ತು ನನ್ನ ಬಾಮೈದ ಅಲ್ಲಿಗೆ ಹೋಗಿ ದಿನದ ಬಾಡಿಗೆಗೆ ಎರಡು ಎಲೆಕ್ಟ್ರಿಕ್ ಬೈಕು ಹಿಡಿದೆವು. ಪೆಡಲ್ ತುಳಿದರೆ ಮೋಟಾರು ಹಿಂದಿನಿಂದ ತಳ್ಳುತ್ತದೆ, ಏರು ಬಂದರೂ ಮಂಡಿಗೆ ಗೊತ್ತಾಗುವುದಿಲ್ಲ. "ಭಾವ, ಇದು ನಮ್ಮಪ್ಪನ ಲೂನಾ ಅಲ್ವಾ? ಪೆಟ್ರೋಲ್ ಒಂದು ಇಲ್ಲ ಅಷ್ಟೇ" ಅಂದ ಅವನು. ನಿಜವೇ. ಇಂಥ ಊರು ನೋಡುವುದಕ್ಕೆ ಇದರಷ್ಟು ಒಳ್ಳೆಯ ವಾಹನ ಇಲ್ಲ. ನಡೆದರೆ ದಿನ ಸಾಲದು, ಕಾರಾದರೆ ಹೊಳೆಯೇ ಕಾಣುವುದಿಲ್ಲ.

ಟೆನೆಸ್ಸಿ ನದಿಯ ಉದ್ದಕ್ಕೂ ರಿವರ್‌ವಾಕ್ ಎಂಬ ಹಾದಿ ಮಾಡಿದ್ದಾರೆ. ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಮೊದಲು ಅದರ ಪೂರ್ವದ ತುದಿಗೆ, ಚಿಕಮಾಗ ಅಣೆಕಟ್ಟಿನವರೆಗೆ ಹೋದೆವು. 1867ರಲ್ಲಿ ಈ ಹೊಳೆ ಸುಮಾರು 58 ಅಡಿ ಏರಿ ಊರನ್ನೇ ಮುಳುಗಿಸಿತ್ತು. 1933ರಲ್ಲಿ ಕೇಂದ್ರ ಸರ್ಕಾರ ಟೆನೆಸ್ಸಿ ಕಣಿವೆ ಪ್ರಾಧಿಕಾರ, ಅಂದರೆ ಟಿವಿಎ, ಸ್ಥಾಪಿಸಿತು. ಅದು 1936ರಲ್ಲಿ ಶುರುಮಾಡಿದ ಈ ಅಣೆಕಟ್ಟನ್ನು 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು. ನಮ್ಮ ದೇಶದ ದಾಮೋದರ ಕಣಿವೆ ನಿಗಮಕ್ಕೆ 1948ರಲ್ಲಿ ಮಾದರಿಯಾದದ್ದು ಇದೇ ಟಿವಿಎ. ಹೊಳೆಯನ್ನು ಕಟ್ಟಿಹಾಕಿದ್ದಕ್ಕೇ ಕೆಳಗಿನ ದಡದಲ್ಲಿ ಇವತ್ತು ಧೈರ್ಯವಾಗಿ ಪಾರ್ಕು ಮಾಡಲು ಆಗಿರುವುದು.

ಅಣೆಕಟ್ಟಿನಿಂದ ಊರಿಗೆ ವಾಪಸು ಬರುವಾಗ ದಾರಿಯಲ್ಲಿ ಹಳೆಯ ಕಾರ್ಖಾನೆಗಳ ಕುರುಹು ಕಾಣುತ್ತದೆ. ಈ ಊರು ಒಂದು ಕಾಲಕ್ಕೆ ಕಬ್ಬಿಣ ಎರಕದ ಊರು. ಸುತ್ತಲೂ ಬೆಟ್ಟ, ಮಧ್ಯದಲ್ಲಿ ತಗ್ಗು, ಹೊಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. 1969ರಲ್ಲಿ ಇಡೀ ದೇಶದಲ್ಲೇ ಅತಿ ಕೊಳಕು ಗಾಳಿಯ ಊರು ಎಂದು ಟಿವಿ ಸುದ್ದಿಯಲ್ಲಿ ವಾಲ್ಟರ್ ಕ್ರಾಂಕೈಟ್ ಹೇಳಿದರು. ಹಗಲಿನಲ್ಲೇ ಹೆಡ್‌ಲೈಟ್ ಹಾಕಿಕೊಂಡು ಕಾರು ಓಡಿಸುತ್ತಿದ್ದರಂತೆ. ಆ ಅವಮಾನ ಊರನ್ನು ಎಬ್ಬಿಸಿತು. ಗಾಳಿಗೆ ಕಾನೂನು ಬಂತು. 1980ರ ದಶಕದಲ್ಲಿ ನಾಗರಿಕರನ್ನು ಕೂರಿಸಿ ಸಭೆಗಳನ್ನು ಮಾಡಿ, ಹೊಳೆದಂಡೆಗೆ ಒಂದು ಯೋಜನೆ ಹಾಕಿದರು. 1992ರಲ್ಲಿ ದೊಡ್ಡ ಅಕ್ವೇರಿಯಂ ತೆರೆಯಿತು, ಅದೇ ವರ್ಷ ಊರಿನ ಮಧ್ಯೆ ಎಲೆಕ್ಟ್ರಿಕ್ ಬಸ್ಸುಗಳೂ ಓಡತೊಡಗಿದವು. ಇಪ್ಪತ್ತೈದು ವರ್ಷಗಳೊಳಗೆ ಒಂದು ಊರು ತನ್ನ ಹೆಸರನ್ನೇ ಬದಲಿಸಿಕೊಂಡಿತು ಅನ್ನಬಹುದು.

ಗಾಳಿ ಶುದ್ಧವಾಯಿತು ಸರಿ. ನೆಲದೊಳಗಿನ ಕಥೆ? ಅದು ಶುರುವಾಗುವುದು ಅಕ್ವೇರಿಯಂನ ಪಕ್ಕದ ದಡದಲ್ಲಿ.

ಈ ಜಾಗದ ಹೆಸರು ರಾಸ್‌ಸ್ ಲ್ಯಾಂಡಿಂಗ್. 1816ರ ಸುಮಾರಿಗೆ ಜಾನ್ ರಾಸ್ ಎಂಬಾತ ಇಲ್ಲಿ ದೋಣಿಕಟ್ಟೆ ಮತ್ತು ಅಂಗಡಿ ಇಟ್ಟಿದ್ದ. ಮುಂದೆ ಅವನು ಚೆರೋಕೀ ಜನರ ಮುಖ್ಯಸ್ಥನಾದ. ಚೆರೋಕೀಗಳು ಆ ಹೊತ್ತಿಗೆ ತಮ್ಮದೇ ಲಿಪಿ ಮಾಡಿಕೊಂಡಿದ್ದರು, 1828ರಿಂದ ತಮ್ಮ ಭಾಷೆಯಲ್ಲಿ ಪತ್ರಿಕೆ ತರುತ್ತಿದ್ದರು. ಆದರೂ ಬಿಳಿಯರಿಗೆ ಅವರ ನೆಲ ಬೇಕಿತ್ತು. 1835ರಲ್ಲಿ ಬೆರಳೆಣಿಕೆಯ ಜನರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಇದು ನಮಗೆ ಒಪ್ಪಿಗೆಯಿಲ್ಲ ಎಂದು 15 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದ ಮನವಿ ಕೊಟ್ಟರೂ ಕೇಳುವವರಿರಲಿಲ್ಲ. 1838ರ ಬೇಸಿಗೆಯಲ್ಲಿ ಸೈನ್ಯ ಮನೆಮನೆಗೆ ನುಗ್ಗಿ ಜನರನ್ನು ಎಬ್ಬಿಸಿ ತಂದಿತು. ಜೂನ್ ತಿಂಗಳಲ್ಲಿ ಮೊದಲ ತಂಡಗಳನ್ನು ದೋಣಿಗೆ ಹತ್ತಿಸಿ ಪಶ್ಚಿಮಕ್ಕೆ ಸಾಗಿಸಿದ್ದು ಇದೇ ಕಟ್ಟೆಯಿಂದ. ಆ ಹಾದಿಯಲ್ಲಿ ಸುಮಾರು 4 ಸಾವಿರ ಜನ ಸತ್ತರೆಂದು ಅಂದಾಜು. ರಾಸ್‌ನ ಹೆಂಡತಿಯೂ 1839ರಲ್ಲಿ ದಾರಿಯಲ್ಲೇ ತೀರಿಕೊಂಡಳು. ಇತ್ತ ಕಟ್ಟೆಯ ಹೆಸರನ್ನು 1838ರಲ್ಲೇ ತೆಗೆದು ಊರಿಗೆ ಚಾಟನೂಗ ಎಂದು ಹೆಸರಿಟ್ಟರು.

2005ರಲ್ಲಿ ಇಲ್ಲಿ ಪ್ಯಾಸೇಜ್ ಎಂಬ ಸ್ಮಾರಕ ಮಾಡಿದ್ದಾರೆ. ನದಿಯ ಕಡೆಗೆ ಇಳಿಯುವ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತದೆ. ಅದು ಕಣ್ಣೀರಿನ ಗುರುತು. ಪಕ್ಕದ ಗೋಡೆಯ ಮೇಲೆ ಚೆರೋಕೀ ಕಲಾವಿದರು ಮಾಡಿದ ಏಳು ದೊಡ್ಡ ಪಿಂಗಾಣಿ ಬಿಲ್ಲೆಗಳಿವೆ. ನಾವು ಹೋದಾಗ ಆ ನೀರಿನಲ್ಲಿ ಪುಟ್ಟ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಂಡು ಕುಣಿಯುತ್ತಿದ್ದವು. ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಗೋಡೆಯ ಮುಂದೆ ನಿಂತ ಒಬ್ಬ ಅಜ್ಜಿ ಮೊಮ್ಮಗಳಿಗೆ ಏನೋ ವಿವರಿಸುತ್ತಿದ್ದಳು. ಮಕ್ಕಳು ಆಡಲು ಬರದಿದ್ದರೆ ಆ ಅಜ್ಜಿಯೂ ಬರುತ್ತಿರಲಿಲ್ಲವೇನೋ.

ಅಲ್ಲಿಂದ ಮಾರ್ಕೆಟ್ ಸ್ಟ್ರೀಟ್ ಸೇತುವೆ ದಾಟಿ (ಇದಕ್ಕೆ ಅಧಿಕೃತ ಹೆಸರು ಚೀಫ್ ಜಾನ್ ರಾಸ್ ಸೇತುವೆ!) ಉತ್ತರದ ದಡಕ್ಕೆ ಬಂದೆವು. ಎಡಕ್ಕೆ 2006ರಲ್ಲಿ ತೆರೆದ ರಿನೇಸಾನ್ಸ್ ಪಾರ್ಕು. ಇಲ್ಲಿ ಮೊದಲು ಅಡುಗೆ ಒಲೆಯಂಥ ಉಪಕರಣಗಳಿಗೆ ಎನಾಮಲ್ ಬಳಿಯುವ ಕಾರ್ಖಾನೆ ಇತ್ತು. ವಿಷವಾಗಿದ್ದ ಮಣ್ಣನ್ನು ಒಂದೆಡೆ ಗುಡ್ಡೆ ಹಾಕಿ ಮುಚ್ಚಿ, ಮಳೆನೀರು ಸೋಸಿ ಹೊಳೆಗೆ ಹೋಗುವಂತೆ ಜೌಗುಕೊಳ ಮಾಡಿದ್ದಾರೆ. ಕಾರ್ಖಾನೆಗೂ ಹಿಂದೆ ಹೋದರೆ ಅಂತರ್ಯುದ್ಧ. 1863ರಲ್ಲಿ ಉತ್ತರದ ಸೈನ್ಯ ಈ ಊರು ಹಿಡಿದಾಗ, ಸುತ್ತಲಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಈ ದಡಕ್ಕೆ ಬಂದು ಬೀಡುಬಿಟ್ಟರು. ಅದಕ್ಕೆ ಕ್ಯಾಂಪ್ ಕಾಂಟ್ರಾಬ್ಯಾಂಡ್ ಎಂಬ ಹೆಸರು ಬಿತ್ತು. ಕಾಂಟ್ರಾಬ್ಯಾಂಡ್ ಅಂದರೆ ಯುದ್ಧದಲ್ಲಿ ವಶಪಡಿಸಿಕೊಂಡ ಮಾಲು. ಬಿಡುಗಡೆಯಾದ ಮೇಲೂ ಮನುಷ್ಯರ ಹೆಸರು ಮಾಲು ಅಂತಲೇ!

ಬಲಕ್ಕೆ 1999ರ ಕೂಲಿಜ್ ಪಾರ್ಕು. ಅಲ್ಲಿ 1894ರ ಹಳೆಯ ಮರದ ಕುದುರೆಗಳ ತಿರುಗಣಿ ಇದೆ, ಮಕ್ಕಳಿಗೆ ಹಬ್ಬ. ಅದರ ನೆತ್ತಿಯ ಮೇಲೆ ಹಾದುಹೋಗುವುದೇ ನಾನು ನೋಡಲು ಬಂದಿದ್ದ ವಾಲ್ನಟ್ ಸ್ಟ್ರೀಟ್ ಸೇತುವೆ.

ಇದು 1891ರ ಉಕ್ಕಿನ ಸೇತುವೆ. 1978ರಲ್ಲಿ ವಾಹನಗಳಿಗೆ ಮುಚ್ಚಿದರು, ಕೆಡವಲು ಹಣವೂ ಸಿದ್ಧವಾಗಿತ್ತು. ಜನ ಬಿಡಲಿಲ್ಲ. ರಿಪೇರಿ ಮಾಡಿಸಿ 1993ರಲ್ಲಿ ಹಲಗೆ ಹಾಸಿದ ಪಾದಚಾರಿ ಸೇತುವೆಯಾಗಿ ತೆರೆದರು. ಊರಿನ ಚಿತ್ರಪಟಗಳಲ್ಲೆಲ್ಲ ಇರುವುದು ಇದೇ. ನಾವು ಬೈಕು ತಳ್ಳಿಕೊಂಡೇ ದಾಟಿದೆವು.

1906ರ ಜನವರಿಯಲ್ಲಿ ಊರಿನ ಬಿಳಿಯ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಎಡ್ ಜಾನ್ಸನ್ ಎಂಬ ಕಪ್ಪು ಯುವಕನನ್ನು ಹಿಡಿದರು. ಆ ಹೊತ್ತಿನಲ್ಲಿ ಅವನು ಬೇರೆ ಕಡೆ ಇದ್ದ ಎಂದು ಹಲವರು ಸಾಕ್ಷಿ ಹೇಳಿದರು. ಇವನೇ ಎಂದು ಆಕೆಯೂ ಖಚಿತವಾಗಿ ಆಣೆ ಮಾಡಲಿಲ್ಲ. ಬರೀ ಬಿಳಿಯರಿದ್ದ ಜ್ಯೂರಿ ಮರಣದಂಡನೆಗೆ ದಾರಿ ಮಾಡಿತು. ಆಗ ನೋವಾ ಪಾರ್ಡನ್ ಮತ್ತು ಸ್ಟೈಲ್ಸ್ ಹಚಿನ್ಸ್ ಎಂಬ ಇಬ್ಬರು ಕಪ್ಪು ವಕೀಲರು ಕೇಸು ಕೈಗೆತ್ತಿಕೊಂಡರು. ಪಾರ್ಡನ್ ವಾಷಿಂಗ್ಟನ್ನಿಗೆ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಾರ್ಲನ್ ಎದುರು ವಾದಿಸಿದರು. ಮಾರ್ಚ್ 19ರಂದು ಶಿಕ್ಷೆಗೆ ತಡೆ ಸಿಕ್ಕಿತು. ಅದೇ ರಾತ್ರಿ ಗುಂಪೊಂದು ಜೈಲಿಗೆ ನುಗ್ಗಿ ಜಾನ್ಸನ್‌ನನ್ನು ಎಳೆದು ತಂದು, ಈ ಸೇತುವೆಗೆ ನೇಣು ಹಾಕಿ, ಗುಂಡು ಹೊಡೆದು ಕೊಂದಿತು. ತಾನು ನಿರಪರಾಧಿ, ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ ಎಂಬುದೇ ಅವನ ಕೊನೆಯ ಮಾತು. ಇದಕ್ಕೆ 13 ವರ್ಷ ಮೊದಲು, 1893ರಲ್ಲಿ, ಆಲ್ಫ್ರೆಡ್ ಬ್ಲೌಂಟ್ ಎಂಬುವನನ್ನೂ ಇದೇ ಸೇತುವೆಯ ಮೇಲೆ ಕೊಂದಿದ್ದರು.

ಸುಪ್ರೀಂ ಕೋರ್ಟು ಸುಮ್ಮನಿರಲಿಲ್ಲ. ಕಾವಲಿಲ್ಲದೆ ಜೈಲು ಬಿಟ್ಟಿದ್ದ ಶೆರಿಫ್ ಜೋಸೆಫ್ ಶಿಪ್ ಮತ್ತು ಉಳಿದವರ ಮೇಲೆ ತಾನೇ ವಿಚಾರಣೆ ನಡೆಸಿತು. ಆ ನ್ಯಾಯಾಲಯದ ಇತಿಹಾಸದಲ್ಲಿ ನಡೆದಿರುವ ಏಕೈಕ ಕ್ರಿಮಿನಲ್ ವಿಚಾರಣೆ ಇದು. 1909ರಲ್ಲಿ ಶಿಪ್ ಸೇರಿ ಆರು ಜನ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ತೀರ್ಪಾಯಿತು. ಶಿಪ್‌ಗೆ ಬಿದ್ದದ್ದು 90 ದಿನಗಳ ಜೈಲು. ಬಿಡುಗಡೆಯಾಗಿ ಬಂದಾಗ ಸಾವಿರಾರು ಜನ ಸೇರಿ ಸ್ವಾಗತಿಸಿದರು. ಊರು ಬಿಡಬೇಕಾಗಿ ಬಂದದ್ದು ಆ ಇಬ್ಬರು ವಕೀಲರು!

ಆಮೇಲೆ ಬಹಳ ಕಾಲ ಮೌನ. ಜಾನ್ಸನ್ ಮೇಲಿನ ತೀರ್ಪನ್ನು ಅಲ್ಲಿನ ನ್ಯಾಯಾಧೀಶರು ರದ್ದು ಮಾಡಿದ್ದು 2000ದಲ್ಲಿ. ಸೇತುವೆಯ ದಕ್ಷಿಣ ತುದಿಯಲ್ಲಿ ಸ್ಮಾರಕ ಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಅಂದರೆ 115 ವರ್ಷಗಳ ಮೇಲೆ. ಜೆರೋಮ್ ಮೆಡೋಸ್ ಎಂಬ ಶಿಲ್ಪಿ ಮಾಡಿದ ಮೂರು ಕಂಚಿನ ಪ್ರತಿಮೆಗಳು: ಜಾನ್ಸನ್, ಪಾರ್ಡನ್, ಹಚಿನ್ಸ್. ಎತ್ತರದ ಪೀಠವಿಲ್ಲ, ನಮ್ಮ ಜೊತೆಯಲ್ಲೇ ನಿಂತ ಹಾಗಿವೆ. ಬಾಮೈದ ಬಹಳ ಹೊತ್ತು ಅಲ್ಲೇ ನಿಂತಿದ್ದ. "ವಕೀಲರನ್ನೂ ಇಟ್ಟಿದ್ದಾರಲ್ಲ ಭಾವ, ಅದು ಸರಿ" ಅಂದ.

ನನಗೂ ಹಾಗೇ ಅನ್ನಿಸಿತು. ಬರೀ ಸತ್ತವನ ಪ್ರತಿಮೆ ಇದ್ದಿದ್ದರೆ ಅಯ್ಯೋ ಪಾಪ ಎಂದು ಮುಂದೆ ಹೋಗಬಹುದಿತ್ತು. ವಕೀಲರು ನಿಂತಿರುವುದರಿಂದ ಇನ್ನೊಂದು ಮಾತು ಗೊತ್ತಾಗುತ್ತದೆ: ಅವತ್ತೂ ಇದು ತಪ್ಪು ಎಂದು ಗೊತ್ತಿದ್ದವರಿದ್ದರು, ಹೇಳಿದವರಿದ್ದರು. ಆಗಿನ ಕಾಲವೇ ಹಾಗಿತ್ತು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹೊಗೆ ತೆಗೆಯಲು ಈ ಊರಿಗೆ ಬೇಕಾದದ್ದು ಸುಮಾರು 20 ವರ್ಷ. ಮುರುಕು ಸೇತುವೆಯನ್ನು ಚೆಂದ ಮಾಡಲು 15 ವರ್ಷ. ಅದೇ ಸೇತುವೆಯ ಮೇಲೆ ಸತ್ತವನ ಹೆಸರು ಬರೆಯಲು 115. ಮಣ್ಣಿನ ವಿಷ ತೆಗೆಯುವ ತಂತ್ರ ಇದೆ, ನೆನಪಿನದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಬರೆದರಲ್ಲ, ಅದಕ್ಕಾಗಿ ಈ ಊರಿನ ಮೇಲೆ ನನಗೆ ಗೌರವ.

ನೀವು ಆ ಕಡೆ ಹೋದರೆ ಒಂದು ದಿನ ಬೈಕು ಬಾಡಿಗೆಗೆ ತೆಗೆದುಕೊಳ್ಳಿ. ಬೆಳಿಗ್ಗೆ ಅಣೆಕಟ್ಟು, ಮಧ್ಯಾಹ್ನ ದೋಣಿಕಟ್ಟೆ, ಸಂಜೆ ಸೇತುವೆ, ಈ ಕ್ರಮ ಒಳ್ಳೆಯದು. ಅಲ್ಲಿಗೆ ಹೋಗದವರು ನಿಮ್ಮೂರಿನ ಹೊಳೆ ದಂಡೆಯ ಪಾರ್ಕಿಗೇ ಹೋಗಿ, ಅಲ್ಲಿ ಕೂತಿರುವ ಹಿರಿಯರನ್ನು ಒಂದು ಮಾತು ಕೇಳಿ: ಹುಲ್ಲು ಹಾಕುವ ಮೊದಲು ಇಲ್ಲಿ ಏನಿತ್ತು? ಯಾರಿದ್ದರು?