ಸಕ್ಕರೆಯ ಅಂಗಿ ತೊಟ್ಟ ಪ್ರೋಟೀನು

ಜೈವಿಕ ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಜೀನಿನ ಗೆಲುವಿನ ಕಥೆಯಾಗಿ ಓದುತ್ತೇವೆ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರು, ಅದು ಇನ್ಸುಲಿನ್ ತಯಾರಿಸಿತು, 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಈ ಕಥೆ ಅಪೂರ್ಣವೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಎರಿಥ್ರೊಪೊಯೆಟಿನ್, ಅಂದರೆ ಇಪಿಒ.

ಇಪಿಒ ಮೂತ್ರಪಿಂಡದಲ್ಲಿ ಹುಟ್ಟುವ ಹಾರ್ಮೋನು. ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಗೆ ಹೇಳುವುದು ಅದರ ಕೆಲಸ. ಮೂತ್ರಪಿಂಡ ಸೋತವರಿಗೆ ರಕ್ತಹೀನತೆ ಕಾಡುವುದು ಇದರ ಕೊರತೆಯಿಂದಲೇ. ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಗೋಲ್ಡ್‌ವಾಸರ್ 1955ರಲ್ಲಿ ಇದರ ಬೆನ್ನು ಹತ್ತಿದರು. ಶುದ್ಧ ರೂಪದ ಮಾನವ ಇಪಿಒ ಕೈಗೆ ಬರುವಷ್ಟರಲ್ಲಿ ಎರಡು ದಶಕ ಕಳೆದಿತ್ತು. ಜಪಾನಿನ ತಾಕಾಜಿ ಮಿಯಾಕೆ ರಕ್ತಹೀನತೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, ಅದರ ಪೊಟ್ಟಣವನ್ನು ಷಿಕಾಗೊಗೆ ಹೊತ್ತು ತಂದರು. 1977ರಲ್ಲಿ ಅದರಿಂದ ದಕ್ಕಿದ್ದು ಕೆಲವೇ ಮಿಲಿಗ್ರಾಂ ಇಪಿಒ. ಆ ರೋಗಿಗಳ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ.

ಈ ಅಣುವಿನ ತೂಕದ ಸುಮಾರು ಶೇ 40 ಭಾಗ ಸಕ್ಕರೆ. ಪ್ರೋಟೀನಿಗೆ ಅಂಟಿಕೊಂಡ ನಾಲ್ಕು ಸಕ್ಕರೆ ಸರಪಳಿಗಳ ತುದಿಯಲ್ಲಿ ಸಿಯಾಲಿಕ್ ಆಮ್ಲವಿರುತ್ತದೆ. ಅದನ್ನು ಅಲಂಕಾರವೆಂದು ತಳ್ಳಿಹಾಕಬಹುದಿತ್ತು. ಆದರೆ 1960ರ ದಶಕದ ಕೊನೆಯಲ್ಲಿ ಗಿಲ್ಬರ್ಟ್ ಆಶ್‌ವೆಲ್ ಮತ್ತು ಅನಾಟೋಲ್ ಮೊರೆಲ್ ರಕ್ತದ ಬೇರೊಂದು ಪ್ರೋಟೀನಿನ ಸಿಯಾಲಿಕ್ ಆಮ್ಲ ಕಿತ್ತು ಮೊಲಗಳಿಗೆ ಚುಚ್ಚಿದಾಗ, ಕೆಲವೇ ನಿಮಿಷಗಳಲ್ಲಿ ಯಕೃತ್ತು ಅದನ್ನು ರಕ್ತದಿಂದ ಹಿಡಿದು ತೆಗೆದುಬಿಟ್ಟಿತು. ತುದಿಯ ಮುಚ್ಚಳ ಹೋದರೆ ಒಳಗಿನ ಗ್ಯಾಲಕ್ಟೋಸ್ ಬಯಲಾಗುತ್ತದೆ. ಯಕೃತ್ತಿನ ಗ್ರಾಹಕಗಳು ಗುರುತಿಸುವುದು ಅದನ್ನೇ. ಇಪಿಒದ ಪಾಡೂ ಇದೇ ಎಂದು ಗೋಲ್ಡ್‌ವಾಸರ್ ತಂಡ 1974ರಲ್ಲಿ ತೋರಿಸಿತು: ಸಿಯಾಲಿಕ್ ಆಮ್ಲ ಕಳೆದುಕೊಂಡ ಇಪಿಒ ಗಾಜಿನ ತಟ್ಟೆಯ ಜೀವಕೋಶಗಳ ಮೇಲೆ ಕೆಲಸ ಮಾಡುತ್ತದೆ, ಪ್ರಾಣಿಯ ಮೈಯಲ್ಲಿ ಮಾಡುವುದಿಲ್ಲ.

ಹಾಗಾಗಿ 1983ರಲ್ಲಿ ಆಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ ಇಪಿಒ ಜೀನನ್ನು ಹಿಡಿದಾಗಲೂ ಇನ್ಸುಲಿನ್ನಿನ ದಾರಿ ನೆರವಿಗೆ ಬರಲಿಲ್ಲ. ಆ ಬ್ಯಾಕ್ಟೀರಿಯಾಗೆ ಇಂಥ ಸಕ್ಕರೆ ಜೋಡಿಸುವ ವಿದ್ಯೆ ಗೊತ್ತಿಲ್ಲ. ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ ಕೋಶಗಳಿಗೆ ಗೊತ್ತಿತ್ತು. ಅವುಗಳಲ್ಲಿ ತಯಾರಾದ ಇಪಿಒ 1989ರಲ್ಲಿ ಔಷಧವಾಯಿತು. ಪದೇ ಪದೇ ರಕ್ತ ಹಾಕಿಸಿಕೊಳ್ಳುತ್ತಿದ್ದ ಎಷ್ಟೋ ಡಯಾಲಿಸಿಸ್ ರೋಗಿಗಳಿಗೆ ಆ ಅಗತ್ಯ ತಗ್ಗಿತು. 2001ರಲ್ಲಿ ಬಂದ ಡಾರ್ಬೆಪೊಯೆಟಿನ್ನಿಗೆ ಇನ್ನೆರಡು ಸಕ್ಕರೆ ಸರಪಳಿಗಳನ್ನು ಸೇರಿಸಲಾಗಿತ್ತು. ಅದು ರಕ್ತದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಹೊತ್ತು ಉಳಿಯಿತು, ಚುಚ್ಚುಮದ್ದಿನ ಸಂಖ್ಯೆ ಇಳಿಯಿತು.

ಪ್ರೋಟೀನಿನ ಅಕ್ಷರಮಾಲೆ ಜೀನಿನಲ್ಲಿ ಬರೆದಿರುತ್ತದೆ. ಸಕ್ಕರೆಯ ವಿನ್ಯಾಸ ಹಾಗೆ ಅಕ್ಷರಕ್ಕಕ್ಷರ ಬರೆದದ್ದಲ್ಲ. ಕೋಶದ ಕಿಣ್ವಗಳು, ಆಹಾರ, ತಾಪಮಾನ ಎಲ್ಲವೂ ಅದನ್ನು ಬದಲಿಸುತ್ತವೆ. ಆದ್ದರಿಂದಲೇ ಇಂಥ ಔಷಧವನ್ನು ಇನ್ನೊಂದು ಕಾರ್ಖಾನೆ ತಯಾರಿಸಿದಾಗ ಅದನ್ನು ‘ತದ್ರೂಪ’ ಎನ್ನದೆ ‘ಜೈವಿಕ ಸದೃಶ’ ಎನ್ನುತ್ತಾರೆ. ಜೀನಿನ ಗೆಲುವಿನ ಕಥೆ ಬಿಟ್ಟುಬಿಡುವ ಅಂತರ ಈ ಎರಡು ಪದಗಳ ನಡುವೆ ಇದೆ.